ಕೈ ಜಾರಿದರೆ ಅರ್ಜಿಯೇ ಅಳಿಯಬೇಕೆ?

ಮಾನ್ಯ ಸಂಪಾದಕರೇ,

ಗೋಣಿಕೊಪ್ಪಲಿನ ನನ್ನ ಕಂಪ್ಯೂಟರ್ ಅಂಗಡಿಗೆ ಮಳೆಗಾಲದಲ್ಲಿ ಬರುವವರು ಹೆಚ್ಚಾಗಿ ಬೆಳೆನಷ್ಟದ ಅರ್ಜಿ ತುಂಬಿಸುವ ಕಾಫಿ ಬೆಳೆಗಾರರು. ಕಳೆದ ವರ್ಷ ಹಿರಿಯರೊಬ್ಬರ ಸರ್ವೆ ನಂಬರು, ಬ್ಯಾಂಕ್ ಖಾತೆ, ನಷ್ಟದ ವಿವರಗಳನ್ನೆಲ್ಲ ಅರ್ಧ ಗಂಟೆ ಕೂತು ತುಂಬಿಸಿ, ಕೊನೆಗೆ ತೋಟದ ಫೋಟೊವನ್ನು ಮೌಸ್‌ನಿಂದ ಎಳೆದು, ಫೈಲ್ ಸೇರಿಸಲೆಂದು ಪುಟದಲ್ಲಿರುವ ಚುಕ್ಕೆಗೆರೆಯ ಚೌಕದೊಳಗೆ ಬಿಡುವಾಗ ನನ್ನ ಕೈ ಬೆರಳಗಲ ಆಚೆ ಸರಿಯಿತು. ಅರ್ಜಿಯ ಪುಟ ಮಾಯವಾಗಿ, ಕೊಳೆರೋಗಕ್ಕೆ ಕಪ್ಪಾಗಿ ಉದುರಿದ ಕಾಯಿಗಳ ಚಿತ್ರ ಪರದೆಯ ತುಂಬ ನಿಂತಿತು. ಹಿಂದಿನ ಪುಟಕ್ಕೆ ಹೋದರೆ ಎಲ್ಲ ಖಾಲಿ. ಅಷ್ಟರಲ್ಲಿ ಕರೆಂಟೂ ಹೋಯಿತು. ಅವರು ಕೊಡೆ ಬಿಡಿಸಿಕೊಂಡು ಬಸ್ಸಿಗೆ ಹೊರಟರು.

ಇದನ್ನು ಬಳಸುವವರ ತಪ್ಪೆನ್ನಲು ನಾನು ಒಪ್ಪುವುದಿಲ್ಲ. ಚೌಕದ ಹೊರಗೆ ಬಿದ್ದ ಫೈಲನ್ನು ಏನು ಮಾಡಬೇಕೆಂದು ಪುಟ ಹೇಳದಿದ್ದರೆ ಬ್ರೌಸರ್ ತನ್ನ ರೂಢಿಯಂತೆ ಆ ಫೈಲನ್ನೇ ತೆರೆಯುತ್ತದೆ, ನನ್ನ ಅಂಗಡಿಯಲ್ಲಿರುವಂಥ ಹಳೆಯ ಬ್ರೌಸರ್‌ಗಳಲ್ಲಿ ಅರ್ಜಿಯ ಜಾಗದಲ್ಲೇ ತೆರೆಯುತ್ತದೆ. ಇಡೀ ಪುಟದ ಮೇಲೆ ‘ಡ್ರ್ಯಾಗ್‌ಓವರ್’ ಮತ್ತು ‘ಡ್ರಾಪ್’ ಎಂಬ ಎರಡು ಇವೆಂಟ್‌ಗಳನ್ನು, ಅಂದರೆ ಫೈಲ್ ಪುಟದ ಮೇಲೆ ಹಾಯುತ್ತಿದೆ, ಬಿಡಲಾಯಿತು ಎಂದು ಬ್ರೌಸರ್ ಕೊಡುವ ಸೂಚನೆಗಳನ್ನು, ಹಿಡಿದು ಆ ರೂಢಿಯನ್ನು ತಡೆಯಲು ನಾಲ್ಕಾರು ಸಾಲಿನ ಕೋಡ್ ಸಾಕು.

ಇನ್ನೊಂದು ತೊಡಕು ಚೌಕದ ಬಣ್ಣದ್ದು. ಫೈಲ್ ಚೌಕದೊಳಗೆ ಬಂದಾಗ ಹಸಿರಾಗುವ ಅಂಚು, ಮೌಸ್ ಒಳಗಿನ ಬರಹದ ಮೇಲೆ ಹಾಯ್ದ ಕೂಡಲೇ ಆರಿಹೋಗುತ್ತದೆ, ಏಕೆಂದರೆ ಆಗಲೂ ಚೌಕಕ್ಕೆ ‘ಡ್ರ್ಯಾಗ್‌ಲೀವ್’ ಇವೆಂಟ್, ಅಂದರೆ ಫೈಲ್ ಹೊರಹೋಯಿತೆಂಬ ಸೂಚನೆ, ತಲುಪುತ್ತದೆ. ಐನ್‌ಮನೆಯ ಜಗಲಿ ದಾಟಿ ಒಳಕೋಣೆಗೆ ಹೋದವನನ್ನು ಮನೆ ಬಿಟ್ಟೇ ಹೋದನೆಂದು ಎಣಿಸಿದಂತೆ ಇದು. ಮಿನುಗುವ ಅಂಚನ್ನು ಕಂಡು ಜನ ಗಾಬರಿಯಾಗಿ ಎಲ್ಲೆಂದರಲ್ಲಿ ಕೈ ಬಿಡುತ್ತಾರೆ. ಮೌಸ್ ನಿಜಕ್ಕೂ ಚೌಕದ ಹೊರಗೆ ಹೋಗಿದೆಯೇ ಎಂದು ನೋಡಿದ ಮೇಲಷ್ಟೇ ಬಣ್ಣ ತೆಗೆಯಬೇಕು. ಎಳೆಯುವ ನಡುವೆ ಎಸ್ಕೇಪ್ ಕೀಲಿ ಒತ್ತಿದರೆ ಎಲ್ಲವೂ ಮೊದಲಿನಂತೆ ಉಳಿಯಬೇಕು.

ಎಷ್ಟೇ ಚೆನ್ನಾಗಿ ಮಾಡಿದರೂ ಎಳೆಯುವುದೊಂದೇ ದಾರಿಯಾಗಬಾರದು. ಕೈ ನಡುಗುವವರೂ ಮೊಬೈಲ್ ಹಿಡಿದು ಬರುವವರೂ ‘ಫೈಲ್ ಆರಿಸಿ’ ಎಂಬ ಗುಂಡಿಯನ್ನೇ ಹುಡುಕುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.2 ಎಂಬ, ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತೆ ರೂಪಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ, ಎಳೆಯುವುದು ಅನಿವಾರ್ಯವಲ್ಲದ ಕಡೆ ಎಳೆಯದೆಯೇ ಆ ಕೆಲಸ ಮುಗಿಸುವ ದಾರಿ ಇರಬೇಕೆನ್ನುತ್ತದೆ. ಅರ್ಜಿ ತಾಣಗಳನ್ನು ರೂಪಿಸುವವರು ಮುಂದಿನ ಮಳೆಗಾಲಕ್ಕೆ ಮೊದಲೇ ಇವನ್ನು ಸರಿಪಡಿಸಬೇಕೆಂದು ಕೋರುತ್ತೇನೆ.

– ಓದುಗ, ಗೋಣಿಕೊಪ್ಪಲು, ಕೊಡಗು