ಹಳೆಯ ಗೋಡೆಗೆ ಹೊಸ ಕೋಣೆ ಕೂಡುವಲ್ಲಿ: ಗೆಳೆಯನಿಗೊಂದು ಪತ್ರ

ತೀರ್ಥಹಳ್ಳಿ

ಪ್ರಿಯ ಗೆಳೆಯ,

ಉಭಯ ಕುಶಲೋಪರಿ. ಸಾಗರದ ನಿಮ್ಮ ಹಳೆಯ ಮನೆಯ ಹಿಂಬದಿಗೆ ಎರಡು ಕೋಣೆ, ಒಂದು ಬಚ್ಚಲು ಕೂಡಿಸುವ ಕೆಲಸದಲ್ಲಿ ಗೋಡೆಯೂ ಚಾವಣಿಯೂ ಮುಗಿದಿವೆ, ಇನ್ನು ಒಳಗಿನ ಕೆಲಸ ಮಾತ್ರ ಬಾಕಿ, ಸಂಕ್ರಾಂತಿಯೊಳಗೆ ಬಣ್ಣವನ್ನೂ ಮುಗಿಸಿಬಿಡುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಹೇಳಿದ್ದೆ. ಫೋನಿನಲ್ಲಿ ಎಲ್ಲವನ್ನೂ ವಿವರಿಸಲಾಗಲಿಲ್ಲವಾದ್ದರಿಂದ ಈ ಪತ್ರ.

ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಜಂಬಿಟ್ಟಿಗೆಯ ಗೋಡೆ, ನಡುವೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಾರೆ. ಮಳೆಗಾಲದಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗುವುದು ಅಮ್ಮನಿಗೆ ಕಷ್ಟವಾಗುತ್ತಿದ್ದುದರಿಂದ ಒಳಗಿನಿಂದಲೇ ಹೋಗುವಂತೆ ಒಂದು ಕೋಣೆಯನ್ನೂ ಬಚ್ಚಲನ್ನೂ ಕಟ್ಟಿಸಿದೆ. ಮಳೆ ಹಿಡಿಯುವ ಮೊದಲೇ ಪೂಜೆ ಆಗಬೇಕೆಂಬ ಆತುರದಲ್ಲಿ ಏಪ್ರಿಲ್ ಕೊನೆಗೆ ಪ್ಲಾಸ್ಟರಿಂಗ್ ಮುಗಿಸಿ, ಮೇ ಮಧ್ಯದಲ್ಲಿ ಗೋಡೆ ನುಣುಪಾಗಿಸುವ ಪುಟ್ಟಿ, ಪ್ರೈಮರ್ ಮತ್ತು ಎರಡು ಕೋಟು ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಬಳಿಸಿದೆ. ಹೊಸ ಕೋಣೆಯ ನಾಲ್ಕು ಗೋಡೆಗಳೂ ಒಂದೇ ಬಗೆಯಲ್ಲಿ ಕಾಣಲಿ ಎಂದು, ಅಜ್ಜನ ಕಾಲದ ಗೋಡೆಯ ಸುಣ್ಣದ ಗಾರೆಯನ್ನು ಕೆತ್ತಿಸಿ ಅದರ ಮೇಲೂ ಸಿಮೆಂಟನ್ನೇ ಮೆತ್ತಿಸಿದೆ. ಆರಿದ್ರಾ ಮಳೆ ಹಿಡಿದ ಎರಡನೆಯ ವಾರದಲ್ಲಿ ಆ ಗೋಡೆಯ ಬುಡದಿಂದ ಎರಡೂವರೆ ಅಡಿ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದಿತು. ಒಂದು ಗುಳ್ಳೆಯನ್ನು ಬೆರಳಿನಿಂದ ಒತ್ತಿದರೆ ಒಳಗಿನಿಂದ ನೀರೂ ಉಪ್ಪಿನಂಥ ಬಿಳಿಯ ಹುಡಿಯೂ ಬಂದವು. ಪುನರ್ವಸು ಮಳೆಯ ಹೊತ್ತಿಗೆ ಹೊಸ ಗೋಡೆಗಳ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡು, ಅಮ್ಮ ಹೊಸ ಕೋಣೆಯನ್ನು ಬಿಟ್ಟು ಮತ್ತೆ ನಡುಮನೆಯಲ್ಲೇ ಮಲಗತೊಡಗಿದರು. ಅವರಿಗಾಗಿಯೇ ಕಟ್ಟಿದ ಕೋಣೆ ಅದು. ಆ ಸಂಕಟ ನಿನಗೆ ಬರಬಾರದು.

ಕಾರಣ ಆಮೇಲೆ ತಿಳಿಯಿತು. ಹಳೆಯ ಮನೆಗಳ ತಳಪಾಯದ ಮೇಲೆ ಈಗಿನಂತೆ ತೇವ ತಡೆಯುವ ಕಾಂಕ್ರೀಟಿನ ಪಟ್ಟಿ ಇರುವುದಿಲ್ಲ. ನೆಲದ ತೇವ ಜಂಬಿಟ್ಟಿಗೆಯ ಸಣ್ಣ ಸಣ್ಣ ತೂತುಗಳ ಮೂಲಕ ಮೇಲೇರುತ್ತದೆ. ಸುಣ್ಣದ ಗಾರೆ ಅದನ್ನು ಹೀರಿಕೊಂಡು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಅಷ್ಟು ವರ್ಷ ಆ ಗೋಡೆ ಹಾಗೆಯೇ ಉಸಿರಾಡಿಕೊಂಡು ಬಂದಿತ್ತು. ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಎಂದು ಮೂರು ಪದರ ಹೊದಿಸಿ ನಾನು ಅದರ ದಾರಿಯನ್ನು ಮುಚ್ಚಿದೆ. ಮರುವರ್ಷ ಜನವರಿಯಲ್ಲಿ ಅದೆಲ್ಲವನ್ನೂ ಕೆರೆಸಿ, ಗೋಡೆಯನ್ನು ಎರಡು ತಿಂಗಳು ಬರಿಮೈಯಲ್ಲೇ ಒಣಗಲು ಬಿಟ್ಟು, ಸುಣ್ಣ ಮತ್ತು ಮರಳಿನ ಗಾರೆ ಮೆತ್ತಿಸಿ, ಮೇಲೆ ಸುಣ್ಣವನ್ನೇ ಬಳಿಸಿದೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಹಳ ನಿಧಾನವಾಗಿ ಗಟ್ಟಿಯಾಗುವುದರಿಂದ ಅದಕ್ಕೆ ಅವಸರ ಮಾಡಬಾರದೆಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು. ಕಳೆದ ಮಳೆಗಾಲದಲ್ಲಿ ಆ ಗೋಡೆಯ ಬುಡ ಸ್ವಲ್ಪ ಕಪ್ಪಾಗಿತ್ತು, ಮಳೆ ನಿಂತ ಮೇಲೆ ತಾನಾಗಿ ತಿಳಿಯಾಯಿತು, ಗುಳ್ಳೆ ಏಳಲಿಲ್ಲ. ನಿಮ್ಮ ಹಳೆಯ ಗೋಡೆಗೂ ಸಿಮೆಂಟು ಮುಟ್ಟಿಸಬೇಡ ಎಂದು ಕೈಮುಗಿದು ಕೇಳುತ್ತೇನೆ.

ಹೊಸ ಗೋಡೆಗಳ ಮಾತು ಬೇರೆ. ಒಳಗಿನ ಪ್ಲಾಸ್ಟರಿಂಗ್ 12 ಮಿ.ಮೀ. ದಪ್ಪವಿದ್ದರೆ ಸಾಕು, ಕನಿಷ್ಠ 7 ದಿನ ದಿನಕ್ಕೆ ಎರಡು ಮೂರು ಸಲ ನೀರು ಹಾಕಿ, ಆಮೇಲೆ ಕಡಿಮೆಯೆಂದರೂ ನಾಲ್ಕು ವಾರ ಬಿಟ್ಟು ಪುಟ್ಟಿಗೆ ಕೈ ಹಾಕಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ನಾಲ್ಕು ವಾರವೆಂಬ ಲೆಕ್ಕವನ್ನು ನಂಬಿ ಕೂರುವುದಕ್ಕಿಂತ ಗೋಡೆಯನ್ನೇ ಕೇಳುವುದು ಒಳ್ಳೆಯದು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚಿಗೂ ಟೇಪು ಹಚ್ಚಿ, ಗಾಳಿಯಾಡದಂತೆ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡು. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಸಾಸಿವೆ ಕಾಳಿನಂಥ ಹನಿಗಳು ಕೂತಿದ್ದರೆ, ಅಥವಾ ಹಾಳೆಯ ಅಡಿಯ ಗೋಡೆ ಸುತ್ತಲಿಗಿಂತ ಕಪ್ಪಾಗಿದ್ದರೆ, ನೀರು ಇನ್ನೂ ಒಳಗಿದೆ. ಎರಡನೆಯ ಸಲ ಬಣ್ಣ ಬಳಿಸುವ ಮೊದಲು ನಾನು ಪ್ರತಿ ಗೋಡೆಗೂ ಮೂರು ಕಡೆ, ಬುಡದಲ್ಲಿ, ನಡುವೆ ಮತ್ತು ಮೇಲೆ, ಹೀಗೆ ಹಾಳೆ ಅಂಟಿಸಿ ನೋಡಿದೆ. ಪಡುವಣ ಗೋಡೆಯ ಬುಡದ ಹಾಳೆ ಮಾರ್ಚ್ ಮೂರನೆಯ ವಾರದವರೆಗೂ ಹನಿಗಟ್ಟುತ್ತಲೇ ಇತ್ತು. ನೀನು ಈಗ, ಮಳೆ ಹಿಂದಾದ ಮೇಲೆ, ಪ್ಲಾಸ್ಟರಿಂಗ್ ಮಾಡಿಸಹೊರಟಿರುವುದು ಒಳ್ಳೆಯದೇ. ಬಣ್ಣವನ್ನು ಮಾತ್ರ ಯುಗಾದಿಯ ಹತ್ತಿರಕ್ಕೆ ಇಟ್ಟುಕೋ. ಪುಟ್ಟಿಯೂ ಎರಡು ಕೋಟು ಸೇರಿ ಒಂದೂವರೆ ಮಿ.ಮೀ. ಮೀರಬಾರದು, ಗೋಡೆಯ ಏರುತಗ್ಗನ್ನು ಗಾರೆಯಲ್ಲೇ ತಿದ್ದಿಸಬೇಕು.

ಪ್ಲಾಸ್ಟರಿಂಗಿಗೆ ಮೊದಲು, ವೈರಿಂಗಿನ ಪೈಪುಗಳು ಗೋಡೆಯೊಳಗೆ ಕೂತ ದಿನವೇ, ಟೇಪು ಹಿಡಿದು ನೆಲದಿಂದಲೂ ಮೂಲೆಯಿಂದಲೂ ಅಳತೆ ಕಾಣುವಂತೆ ಪ್ರತಿ ಗೋಡೆಯ ಫೋಟೋ ತೆಗೆದಿಡು. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಇನ್ನು ಹಳೆಯ ಗೋಡೆಯೂ ಹೊಸ ಗೋಡೆಯೂ ಕೂಡುವ ಸಂದು. ಹೊಸ ಭಾಗದೊಳಗೆ ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆಗೂ ನಡುವಿನ ಸಂದಿನ ಮೇಲೆ ತಂತಿಯ ಕೋಳಿಬಲೆ ಹೊಡೆದು ಗಾರೆ ಮೆತ್ತಿದರೆ ಬಿರುಕು ಬಹುಮಟ್ಟಿಗೆ ನಿಲ್ಲುತ್ತದೆ. ಹಳತು ಮತ್ತು ಹೊಸತರ ನಡುವೆ ಅದು ನಡೆಯದು. ಹಳೆಯ ತಳಪಾಯ ಎಂದೋ ಕೂತು ಮುಗಿದಿದೆ, ಹೊಸದು ಇನ್ನೂ ಎರಡು ಮೂರು ಮಳೆಗಾಲ ಕಂಡು ಕೂರಬೇಕಾಗಿದೆ. ಎರಡನ್ನೂ ಗಾರೆಯಿಂದ ಬೆಸೆದರೆ ಬಿರುಕು ತನಗೆ ಬೇಕಾದ ಕಡೆ ಬಾಯಿ ಬಿಡುತ್ತದೆ. ನಮ್ಮಲ್ಲಿ ಮಾಡಿನಿಂದ ನೆಲದವರೆಗೆ ಅರ್ಧ ಇಂಚಿನ ಸಂದನ್ನು ಹಾಗೆಯೇ ಬಿಡಿಸಿ, ಅದರೊಳಗೆ ಸ್ಪಂಜಿನಂಥ ಫೋಮ್ ತುಂಬಿಸಿ, ಮೇಲೆ ಮೂರಿಂಚು ಅಗಲದ ಹಲಸಿನ ಪಟ್ಟಿಯನ್ನು ಮರಗೆಲಸದ ಆಚಾರ್ರು ಕೂರಿಸಿದರು. ಪಟ್ಟಿಯ ಸ್ಕ್ರೂಗಳೆಲ್ಲ ಹೊಸ ಗೋಡೆಯ ಕಡೆಗೆ ಮಾತ್ರ ಇವೆ. ಹಳೆಯ ಗೋಡೆಯ ಮೇಲೆ ಅದು ಸುಮ್ಮನೆ ಒರಗಿಕೊಂಡಿದೆ, ಯಾವ ಗೋಡೆ ಸರಿದರೂ ಪಟ್ಟಿ ಅದರ ಮೇಲೆ ಜಾರಿಕೊಳ್ಳಲು ಅವಕಾಶವಿದೆ. ಕಳೆದ ವರ್ಷ ಒಂದು ನೂಲಿನಷ್ಟು ಸರಿದದ್ದು ಸುಣ್ಣದ ಮೇಲಿನ ಗೀರಿನಿಂದ ತಿಳಿಯುತ್ತದೆ. ಗೋಡೆಯಲ್ಲಿ ಬಿರುಕಿಲ್ಲ.

ಮರದ ವಿಷಯದಲ್ಲಿಯೂ ಆಚಾರ್ರ ಮಾತನ್ನು ಕೇಳಿದ್ದು ನನ್ನ ಪುಣ್ಯ. ಮರ ಉದ್ದಕ್ಕೆ ಹೆಚ್ಚುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಪ್ರತಿ ಮಳೆಗಾಲ ಹಿಗ್ಗಿ ಪ್ರತಿ ಬೇಸಿಗೆ ಕುಗ್ಗುತ್ತದೆ. ಆದ್ದರಿಂದ ಬಾಗಿಲಿನ ನಡುವಿನ ಹಲಗೆಗೆ ಅಂಟಾಗಲಿ ಮೊಳೆಯಾಗಲಿ ಹಾಕದೆ, ಚೌಕಟ್ಟಿನಲ್ಲಿ ಕೊರೆದ ಕಚ್ಚಿನೊಳಗೆ ಸಡಿಲವಾಗಿ ಕೂರಿಸಿದರು. ಕೂರಿಸುವ ಮೊದಲೇ ಹಲಗೆಯ ಅಂಚಿಗೂ ಪಾಲಿಶ್ ಹಿಡಿಸಿದರು, ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಬಣ್ಣವಿಲ್ಲದ ಬಿಳಿಗೆರೆ ಕಾಣಬಾರದೆಂದು. ಬಾಗಿಲಿನ ಮೇಲಂಚು ಮತ್ತು ಕೆಳಂಚು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಬಣ್ಣದವರು ಬಿಟ್ಟುಬಿಡುತ್ತಾರೆ. ಮರ ತೇವ ಕುಡಿಯುವುದು ಅಲ್ಲಿಂದಲೇ. ಬಾಗಿಲು ತೂಗುಹಾಕುವ ಮುನ್ನ ನೀನೇ ಕೈಯಾಡಿಸಿ ನೋಡು. ಪ್ಲೈವುಡ್ಡಿನ ಕಪಾಟು ಮಾಡಿಸುವುದಾದರೆ ನೀರು ತಾಳುವ ಮರೈನ್ ಪ್ಲೈವುಡ್ಡಿಗೆ ಹಾಕುವ ಐಎಸ್ 710 ಎಂಬ ಮುದ್ರೆಯಿರುವುದನ್ನೇ ತರಿಸು, ಮಳೆ ಹೊಡೆಯುವ ಪಡುವಣ ಗೋಡೆಗೆ ಒತ್ತಿ ಕೂರಿಸಬೇಡ, ಹಿಂದೆ ಒಂದಿಂಚಾದರೂ ಗಾಳಿಯಾಡಲು ಬಿಡು.

ಬಚ್ಚಲಿನ ನೆಲಕ್ಕೆ ಟೈಲ್ಸ್ ಹಾಕುವ ಮೊದಲು, ನೀರು ಇಳಿಯದ ಲೇಪ ಒಣಗಿದ ಮೇಲೆ, ಕಿಂಡಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ನೀರು ಗೆರೆಯಿಂದ ಇಳಿಯುತ್ತದೆಯೇ ಎಂದು 48 ಗಂಟೆ ಕಾದು ನೋಡಬೇಕು. ನೆಲ ಕಿಂಡಿಯ ಕಡೆಗೆ ನಾಲ್ಕು ಅಡಿಗೆ 15 ಮಿ.ಮೀ. ಇಳಿಜಾರಿರಲಿ. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲವಾದ್ದರಿಂದ ಬರಿಯ ಸಿಮೆಂಟಿನ ಹಾಲಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅದಕ್ಕೆಂದೇ ಸಿಗುವ ಅಂಟನ್ನು ಬಳಸಿದರೆ ಆಮೇಲೆ ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬರದು.

ಕೊನೆಯದಾಗಿ, ಹಳೆಯ ನಡುಮನೆಯ ರೆಡ್ ಆಕ್ಸೈಡ್ ನೆಲಕ್ಕೂ ಹೊಸ ಕೋಣೆಯ ನೆಲಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆಂಬುದನ್ನು ಟೈಲ್ಸಿನ ದಪ್ಪವನ್ನೂ ಸೇರಿಸಿ ಈಗಲೇ ನೀರು ತುಂಬಿದ ಲೆವೆಲ್ ಪೈಪು ಹಿಡಿದು ನೋಡಿಸು. ನಮ್ಮಲ್ಲಿ ಒಂದೂಕಾಲು ಇಂಚು ಬಂದಿತ್ತು. ಅಮ್ಮ ಮೊದಲ ವಾರದಲ್ಲೇ ಅಲ್ಲಿ ಎರಡು ಸಲ ಎಡವಿದ್ದರಿಂದ ಆ ಹೊಸ್ತಿಲನ್ನು ತೆಗೆಸಿ, ಎರಡೂವರೆ ಅಡಿ ಉದ್ದಕ್ಕೆ ಇಳಿಜಾರು ಕೊಟ್ಟು ಅಷ್ಟಕ್ಕೇ ಮತ್ತೆ ರೆಡ್ ಆಕ್ಸೈಡ್ ಹಾಕಿಸಿದೆ. ಹಳೆಯ ಕೆಂಪಿಗೂ ಹೊಸ ಕೆಂಪಿಗೂ ಬಣ್ಣ ಕೂಡಿಲ್ಲ, ಆದರೆ ಅಮ್ಮ ಈಗ ರಾತ್ರಿ ದೀಪ ಹಾಕದೆಯೂ ಅಲ್ಲಿ ನಡೆದು ಹೋಗುತ್ತಾರೆ. ನಿಮ್ಮ ತಂದೆಯವರೂ ಕೋಲು ಹಿಡಿದು ನಡೆಯುವವರು.

ಬರುವ ಭಾನುವಾರ ನಾನು ಸಾಗರಕ್ಕೆ ಬರುತ್ತೇನೆ. ಅಷ್ಟರೊಳಗೆ ಹಳೆಯ ಗೋಡೆಯ ಗಾರೆಯನ್ನು ಕೆತ್ತಿಸದೆ ಹಾಗೆಯೇ ಇಡಿಸು. ಪ್ಲಾಸ್ಟಿಕ್ ಹಾಳೆಯನ್ನೂ ಟೇಪನ್ನೂ ನಾನೇ ತರುತ್ತೇನೆ.

ಇಂತಿ ನಿನ್ನ ಗೆಳೆಯ