ಸಂಪಾದಕೀಯ: ತಪ್ಪು ಎಲ್ಲಿದೆ ಎಂದು ಯಾರು ಹೇಳುತ್ತಾರೆ?

ಆತ್ಮೀಯ ಓದುಗರೇ,

ಈ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಾತ್ರಿ ಹನ್ನೊಂದು ದಾಟಿದ ಮೇಲೆ ಈ ಪುಟ ಬರೆಯಲು ಕುಳಿತಿದ್ದೇನೆ. ಬರೆಯಬೇಕೆಂದುಕೊಂಡಿದ್ದ ವಿಷಯ ಬೇರೆ ಇತ್ತು. ಕಳೆದ ಭಾನುವಾರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಅದನ್ನು ಬದಿಗೆ ಸರಿಸಿಬಿಟ್ಟಿತು. ಅವಳು ಒಂದು ಪುಟವನ್ನು ಗಟ್ಟಿಯಾಗಿ ಓದಿದಳು. ‘ಹಳ್ಳಿ’ ಎಂದಿದ್ದಲ್ಲೆಲ್ಲ ‘ಹಲ್ಲಿ’ ಎಂದಳು. ಮುಗಿದಾಗ ಅಲ್ಲಿದ್ದ ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ಅವಳು ಪುಸ್ತಕ ಮುಚ್ಚದೆ, “ಎಲ್ಲರೂ ಚೆನ್ನಾಗಿದೆ ಅಂತಾನೇ ಹೇಳ್ತೀರಿ. ತಪ್ಪು ಎಲ್ಲಿದೆ ಅಂತ ಯಾರು ಹೇಳ್ತಾರೆ?” ಎಂದಳು.

ನಾವೇಕೆ ಹೇಳಲಿಲ್ಲ ಎಂಬುದು ನಿಮಗೆಲ್ಲ ಗೊತ್ತು. ನಾಡಿನಿಂದ ಇಷ್ಟು ದೂರದಲ್ಲಿ ಮಗುವೊಂದು ಕನ್ನಡದ ಪುಟವನ್ನು ಕೊನೆಯವರೆಗೆ ಓದಿತಲ್ಲ ಎಂಬುದೇ ನಮ್ಮ ಕಣ್ಣು ತುಂಬಲು ಸಾಕು. ತಿದ್ದಹೋದರೆ ಓದುವುದನ್ನೇ ಎಲ್ಲಿ ಬಿಟ್ಟುಬಿಡುತ್ತದೋ ಎಂಬ ಅಳುಕು ಬೇರೆ. ಆದರೆ ಆ ಅಳುಕು ನಮ್ಮದು, ಅವಳದಲ್ಲ.

ಓದಿನಲ್ಲಿ, ವ್ಯವಹಾರದಲ್ಲಿ, ಮುಂದಾಳತ್ವದಲ್ಲಿ ಯಶಸ್ಸಿಗೆ ಅತಿ ಮುಖ್ಯವಾದದ್ದು ಯಾವುದೆಂದು ನಮ್ಮ ಯುವಕರು ಆಗಾಗ ಕೇಳುತ್ತಾರೆ. ಬುದ್ಧಿ, ಪರಿಶ್ರಮ, ಅದೃಷ್ಟ ಎಂದು ಒಬ್ಬೊಬ್ಬರು ಒಂದೊಂದನ್ನು ಹೇಳುವುದುಂಟು. ನಮ್ಮ ತಪ್ಪು ಇನ್ನೂ ಚಿಕ್ಕದಾಗಿರುವಾಗಲೇ ನಮ್ಮ ಕಿವಿಗೆ ಬೀಳುವ ದಾರಿಯೊಂದು ತೆರೆದಿರಬೇಕು ಎಂಬುದು ನನ್ನ ಉತ್ತರ. ಪರಿಶ್ರಮ ಬೇಡವೆಂದಲ್ಲ, ಆದರೆ ಯಾರೂ ತಿದ್ದದಿದ್ದರೆ ‘ಹಲ್ಲಿ’ ಎಂದು ನೂರು ಸಲ ಓದಿದವರಿಗೆ ನೂರ ಒಂದನೆಯ ಸಲವೂ ಅದೇ ಬಾಯಿಗೆ ಬರುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು, ಉಳಿದವರು ಪುಸ್ತಕ ಬದಿಗಿಟ್ಟು ನೆನಪಿನಿಂದ ಬರೆದು ನೋಡಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಬರೆದು ನೋಡಿದವರು ಮುಂದಾದರು. ಹೆಚ್ಚು ನೆನಪಿರುತ್ತದೆ ಎಂಬ ಭರವಸೆ ಮಾತ್ರ ಮತ್ತೆ ಮತ್ತೆ ಓದಿದವರಿಗೇ ಹೆಚ್ಚಾಗಿತ್ತು, ತಮಗೆ ಎಲ್ಲಿ ಮರೆತಿದೆ ಎಂದು ತೋರಿಸುವ ದಾರಿ ಅವರಿಗೆ ಇರಲಿಲ್ಲ.

ಇದನ್ನು ನಾನು ಕಲಿತದ್ದು ಪ್ರಯೋಗಗಳನ್ನು ಓದಿ ಅಲ್ಲ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಕಾಲವದು. ನಮ್ಮ ಕಂಪನಿ ಗ್ರಾಹಕರೊಬ್ಬರಿಗೆ ದೊಡ್ಡದೊಂದು ಕೊಟೇಶನ್ ಕಳುಹಿಸಬೇಕಿತ್ತು. ವಿಭಾಗದ ಅತ್ಯಂತ ಹಿರಿಯರು ಸಿದ್ಧಪಡಿಸಿದ್ದ ಲೆಕ್ಕದ ಹಾಳೆಯನ್ನು ಅಂದವಾಗಿ ಜೋಡಿಸಿ ಪ್ರಿಂಟ್ ತೆಗೆಯುವುದಷ್ಟೇ ನನ್ನ ಪಾಲಿನ ಕೆಲಸ. ಹಾಳೆಯಲ್ಲಿ ನಲವತ್ತೊಂದು ಸಾಲುಗಳಿದ್ದವು, ಮೊತ್ತದ ಸೂತ್ರ ಮಾತ್ರ ಮೂವತ್ತೆಂಟನೆಯ ಸಾಲಿಗೇ ನಿಂತಿತ್ತು. ಕೊನೆಯಲ್ಲಿ ಸೇರಿಸಿದ್ದ ಸಾಗಾಟ, ಅಳವಡಿಕೆ ಮತ್ತು ಒಂದು ವರ್ಷದ ನಿರ್ವಹಣೆಯ ಖರ್ಚು ಲೆಕ್ಕದೊಳಗೆ ಬಂದೇ ಇರಲಿಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ ಎರಡು ಸಲ ಕೂಡಿ ನೋಡಿದೆ. ಅವನ್ನು ಬೇರೆಯಾಗಿ ಬಿಲ್ ಮಾಡುವ ಪದ್ಧತಿ ಇರಬಹುದು, ಇಪ್ಪತ್ತು ವರ್ಷ ಅನುಭವವಿರುವವರು ಹೀಗೆ ತಪ್ಪುವರೇ ಎಂದುಕೊಂಡೆ. ಆದರೂ ಹಾಳೆ ಹಿಡಿದು ಅವರ ಮೇಜಿನವರೆಗೆ ಹೋದೆ. ಅವರು ಫೋನಿನಲ್ಲಿ ಮಾತನಾಡುತ್ತಿದ್ದರು. ಸ್ವಲ್ಪ ಹೊತ್ತು ನಿಂತು ಹಿಂತಿರುಗಿದೆ. ಮರುದಿನ ಕೊಟೇಶನ್ ಹೋಯಿತು. ವಾರದೊಳಗೆ ಆರ್ಡರ್ ಬಂದಾಗ ಇಡೀ ವಿಭಾಗ ಸಂಭ್ರಮಿಸಿತು, ನಾನೂ ಅದರಲ್ಲಿ ಸೇರಿದ್ದೆ.

ಮೂರು ತಿಂಗಳ ನಂತರ ಲೆಕ್ಕಪತ್ರ ವಿಭಾಗದವರು ಅದನ್ನು ಕಂಡುಹಿಡಿದರು. ಮ್ಯಾನೇಜರು ನಮ್ಮನ್ನೆಲ್ಲ ಕೋಣೆಗೆ ಕರೆದು, ಇದು ಮೊದಲೇ ಯಾರ ಕಣ್ಣಿಗಾದರೂ ಬಿದ್ದಿತ್ತೇ ಎಂದು ಕೇಳಿದರು. ನಾನು ಕೈ ಎತ್ತಿದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ನೀವು ಬಂದು ಹೇಳದ ಹಾಗೆ ತಡೆದದ್ದು ಏನು?” ಎಂದರು. ಕೊಟೇಶನ್ ಹೋಗುವ ಎರಡು ವಾರ ಮುಂಚೆ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಸಂದೇಹ ಕೇಳಿದಾಗ “ಇದನ್ನೂ ಕೇಳಬೇಕಾ?” ಎಂದವರು ಇವರೇ, ಅದನ್ನೇ ತೊದಲುತ್ತ ಹೇಳಿದೆ. ಅವರು ಆ ಮಾತನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಅಂದಿನಿಂದ ಯಾವುದೇ ಕೊಟೇಶನ್ ಹೊರಡುವ ಮುಂಚೆ ವಿಭಾಗದ ಅತ್ಯಂತ ಕಿರಿಯರು ಅದನ್ನು ಓದಿ ಕನಿಷ್ಠ ಒಂದು ಸಂದೇಹವನ್ನಾದರೂ ಬರೆಯಬೇಕಿತ್ತು. ಆ ಜಾಗ ಖಾಲಿ ಇದ್ದರೆ ಮ್ಯಾನೇಜರು ಸಹಿ ಹಾಕುತ್ತಿರಲಿಲ್ಲ. ಲೆಕ್ಕ ಹಾಕಿದ್ದ ಹಿರಿಯರು ಮಾತ್ರ ಆ ಸಂಜೆ, “ನನಗಾದರೂ ಹೇಳಬಹುದಿತ್ತಲ್ಲ ಮಾರಾಯ” ಎಂದಷ್ಟೇ ಅಂದರು. ಆ ಮಾತು ಈಗಲೂ ಚುಚ್ಚುತ್ತದೆ.

ನಮಗೆ ಆದದ್ದು ಹಣದ ನಷ್ಟ ಮಾತ್ರ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ಕೆಎಲ್‌ಎಂ ವಿಮಾನ ಅನುಮತಿಯಿಲ್ಲದೆಯೇ ಓಟ ಆರಂಭಿಸಿದಾಗ, ಎದುರಿನ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೆಎಲ್‌ಎಂನ ಫ್ಲೈಟ್ ಇಂಜಿನಿಯರ್ ಕೇಳಿದ್ದರು. ಕ್ಯಾಪ್ಟನ್ ಆ ಸಂಸ್ಥೆಯಲ್ಲಿ ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಹೋಗಿದೆ ಎಂದು ಖಚಿತವಾಗಿ ಉತ್ತರಿಸಿದರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಇಂಥ ದುರಂತಗಳ ನಂತರವೇ ಕಿರಿಯರು ಸಂದೇಹವನ್ನು ಬಾಯಿಬಿಟ್ಟು ಹೇಳುವುದನ್ನೂ ಕ್ಯಾಪ್ಟನ್ನರು ಅದಕ್ಕೆ ಕಿವಿಗೊಡುವುದನ್ನೂ ತರಬೇತಿಯ ಭಾಗವಾಗಿ ಕಲಿಸತೊಡಗಿದರು. ಮೇಲಿನವರ ಸಾಮರ್ಥ್ಯ ಹೆಚ್ಚಿದಷ್ಟೂ ಕೆಳಗಿನವರ ಸಂದೇಹ ನಾಲಿಗೆಯ ತುದಿಯಲ್ಲೇ ಉಳಿಯುತ್ತದೆ ಎಂಬುದು ನನಗೆ ಇದರಲ್ಲಿ ಬಹಳ ಕಾಡುವ ಸಂಗತಿ.

ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆಂದು ನಿರೀಕ್ಷಿಸಿದ್ದರು. ಅಂಕಿಗಳು ತಿರುಗುಮುರುಗಾಗಿ ಬಂದವು. ವಿಚಾರಿಸಿ ನೋಡಿದಾಗ, ಆ ತಂಡಗಳು ತಪ್ಪುಗಳನ್ನು ಮುಚ್ಚಿಡದೆ ಮಾತನಾಡುತ್ತಿದ್ದುದರಿಂದ ಅಲ್ಲಿ ಹೆಚ್ಚು ತಪ್ಪುಗಳು ದಾಖಲಾಗಿರಬೇಕೆಂದು ತೋರಿತು. ಟೊಯೊಟ ಕಾರ್ಖಾನೆಗಳಲ್ಲಿ ಯಾವ ಕೆಲಸಗಾರನಾದರೂ ದೋಷ ಕಂಡರೆ ಹಗ್ಗ ಎಳೆದು ಅಥವಾ ಗುಂಡಿ ಒತ್ತಿ ಮೇಲ್ವಿಚಾರಕನನ್ನು ಕರೆಯಬಹುದು, ಅಗತ್ಯವಾದರೆ ಕೆಲಸವೇ ನಿಲ್ಲುತ್ತದೆ. ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗವನ್ನು ರೂಪಿಸಿದ ಸಕಿಚಿ ಟೊಯೊಡ ಅವರ ಮನೆತನದಿಂದಲೇ ಆ ಕಂಪನಿ ಬಂತು.

ಈಗ ನಮ್ಮ ಮನೆಯ ಮಾತು. ಆರು ವರ್ಷಗಳಿಂದ ಈ ಪತ್ರಿಕೆಯ ಕರಡು ತಿದ್ದುತ್ತಿದ್ದ ನಮ್ಮ ಹಿರಿಯ ಸದಸ್ಯೆ ಕಳೆದ ತಿಂಗಳು ಮಗನ ಊರಿಗೆ ನೆಲೆ ಬದಲಿಸಿದರು. ನನ್ನ ಎಷ್ಟೋ ಸಂಪಾದಕೀಯಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ “ಇದು ನಿಜವೇ?” ಎಂದು ಬರೆದವರು ಅವರು, ಅವರಿಗೆ ಸಂಘದ ಪರವಾಗಿ ಕೃತಜ್ಞತೆಗಳು. ಅವರ ಕಣ್ಣಿಗೆ ಬೀಳದೆ ಹೊರಡುತ್ತಿರುವ ಮೊದಲ ಸಂಚಿಕೆ ಇದು, ನನಗೆ ನಿಜವಾಗಿಯೂ ಭಯವಾಗುತ್ತಿದೆ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಯಾರಾದರೂ ದಯವಿಟ್ಟು ಮುಂದೆ ಬನ್ನಿ. ವ್ಯಾಕರಣ ಪಂಡಿತರೇ ಆಗಬೇಕಿಲ್ಲ, ಸಂದೇಹ ಬಂದಲ್ಲಿ ಗೆರೆ ಎಳೆಯುವ ಮನಸ್ಸಿದ್ದರೆ ಸಾಕು.

ಪ್ರಕಟಣೆಗಳು: ವಾರ್ಷಿಕ ಸರ್ವಸಾಧಾರಣ ಸಭೆ ಮುಂದಿನ ತಿಂಗಳ ಎರಡನೆಯ ಶನಿವಾರ ಸಂಜೆ 4ಕ್ಕೆ, ಲೆಕ್ಕಪತ್ರದ ಪ್ರತಿ ಒಂದು ವಾರ ಮುಂಚೆ ಎಲ್ಲ ಸದಸ್ಯರಿಗೂ ತಲುಪಲಿದೆ, ಪ್ರಶ್ನೆಗಳನ್ನು ಬರೆದುಕೊಂಡೇ ಬನ್ನಿ. ಕಾರ್ಯಕಾರಿ ಸಮಿತಿಯ ಮೂರು ಸ್ಥಾನಗಳಿಗೆ ಅದೇ ದಿನ ಚುನಾವಣೆ. ಕನ್ನಡ ತರಗತಿ ಎಂದಿನಂತೆ ಭಾನುವಾರ ಬೆಳಿಗ್ಗೆ 10ಕ್ಕೆ. ಇಬ್ಬರು ಶಿಕ್ಷಕರು ತುರ್ತಾಗಿ ಬೇಕು. ಮಕ್ಕಳ ಓದನ್ನು ಇನ್ನು ಮುಂದೆ ಅಲ್ಲಲ್ಲೇ ನಿಲ್ಲಿಸಿ ತಿದ್ದಲು ತೀರ್ಮಾನಿಸಿದ್ದೇವೆ, ತಂದೆತಾಯಿಯರು ಸಹಕರಿಸಬೇಕು. ಮುಂದಿನ ಸಂಚಿಕೆಗೆ ಲೇಖನಗಳನ್ನು 15ನೆಯ ತಾರೀಖಿನೊಳಗೆ ಕಳುಹಿಸಿ. ಈ ಸಂಚಿಕೆಯಲ್ಲಿ ನಿಮಗೆ ಕಂಡ ತಪ್ಪುಗಳನ್ನೂ ಪುಟದ ಸಂಖ್ಯೆ ಸಮೇತ ಅದೇ ದಿನಾಂಕದೊಳಗೆ ಬರೆದು ತಿಳಿಸಿದರೆ ಅವನ್ನು ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಪ್ರಕಟಿಸುತ್ತೇವೆ.

ಇಂತು,
ಸಂಪಾದಕ