ಚಿಕ್ಕಪೇಟೆಯ ಆ ಟೈಲರ್ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳಲೇ ಇಲ್ಲ. ಕಳೆದ ತಿಂಗಳು ರಾತ್ರಿ ನೀವು ಶಟರ್ ಅರ್ಧ ಇಳಿಸಿದ್ದಾಗ ಹರಿದ ಕೈಟ್ ಹಿಡಿದುಕೊಂಡು ಓಡಿ ಬಂದವಳು ನಾನು. ಮರುದಿನ ತಮಿಳುನಾಡಿಗೆ ಬಸ್ಸು, ಅಲ್ಲಿ ಕೈಟ್‌ಫಾಯಿಲ್ ರಾಷ್ಟ್ರೀಯ ಚಾಂಪಿಯನ್‌ಷಿಪ್ (ದೊಡ್ಡ ಗಾಳಿಪಟದಂಥ ಕೈಟ್ ಎಳೆದಂತೆ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಸಾಗುವ ರೇಸು), ಕೈಟ್ ನೋಡಿದರೆ ಒಂದು ಗೇಣು ಹರಿದಿತ್ತು.

"ಇದು ಪ್ಯಾರಾಚೂಟಾ?" ಅಂತ ಕೇಳಿದಿರಿ. ಹೆಚ್ಚುಕಡಿಮೆ ಹಾಗೆಯೇ. ಎರಡು ಪದರ ತೆಳು ಬಟ್ಟೆ, ನಡುವೆ ಗಾಳಿ ತುಂಬಿದರೆ ರೆಕ್ಕೆ. ಅದು ಎಳೆದಾಗ ಬೋರ್ಡಿನ ಕೆಳಗೆ ನೀರಿನೊಳಗಿರುವ ಫಾಯಿಲ್ ಅನ್ನೋ ಚಿಕ್ಕ ರೆಕ್ಕೆ ನಮ್ಮನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ಒಲಿಂಪಿಕ್ಸ್‌ಗೆ ಈ ಆಟ ಸೇರಿದ್ದೇ 2024ರಲ್ಲಿ, ಪ್ಯಾರಿಸ್ ಕೂಟದಲ್ಲಿ. ಸಮುದ್ರವೇ ಇಲ್ಲದ ಬೆಂಗಳೂರಲ್ಲಿ ಇದನ್ನು ರಿಪೇರಿ ಮಾಡುವವರು ಎಲ್ಲಿ ಸಿಗಬೇಕು, ಅಲ್ವಾ?

ನೀವು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ತೀರಾ ಸಣ್ಣ ಸೂಜಿ ಹಾಕಿ, ಹೊಲಿಗೆ ಒತ್ತೊತ್ತಾಗಿ ಬಿದ್ದರೆ ತೂತಿನ ಸಾಲಲ್ಲೇ ಮತ್ತೆ ಹರಿಯುತ್ತದೆ ಅಂತ ನೀವೇ ಹೇಳಿ, ಅಗಲವಾಗಿ ಝಿಗ್‌ಜ್ಯಾಗ್ ಹೊಡೆದಿರಿ. ನನ್ನ ಹತ್ತಿರ ಇದ್ದ ಟೇಪನ್ನು ಎರಡೂ ಕಡೆ ಅಂಟಿಸಿದಿರಿ. ದುಡ್ಡು ಜಾಸ್ತಿ ಕೊಡಲು ಹೋದರೆ "ಸುಮ್ನೆ ಹೋಗಮ್ಮ, ಚೆನ್ನಾಗಿ ಆಡು" ಅಂದಿರಿ.

ಪದಕ ಬರಲಿಲ್ಲ. ಆದರೆ ಎಲ್ಲ ರೇಸೂ ಮುಗಿಸಿದೆ. ಕೊನೆಯ ದಿನ ಗಾಳಿ ಜೋರಾದಾಗಲೂ ನಿಮ್ಮ ಹೊಲಿಗೆ ಒಂದೆಳೆ ಬಿಚ್ಚಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ. ಭಾನುವಾರ ಬಂದೆ, ಅಂಗಡಿ ಮುಚ್ಚಿತ್ತು. ಈ ವಾರ ಕೈಟ್ ಸಮೇತ ಮತ್ತೆ ಬರುತ್ತೇನೆ.